ಮೈಕ್ರೋಸ್ಕೋಪ್ ಸ್ಟೇಜ್ ತಾನಾಗೇ ಕೆಳಗಿಳಿಯುತ್ತೆ, ಫೈನ್ ನಾಬ್ ತಿರುಗಿಸಿದರೂ ಚಿತ್ರ ಸ್ಪಷ್ಟವಾಗಲ್ಲ: ಎಣ್ಣೆ ಬಿಡಬಹುದಾ?

ಪ್ರಶ್ನೆ: ನಾನು ಮಲೆನಾಡಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಉಪನ್ಯಾಸಕಿ. ನಮ್ಮ ಲ್ಯಾಬ್‌ನಲ್ಲಿ ಕನ್ನಡಿ ಇರುವ ಹಳೆಯ ಮೈಕ್ರೋಸ್ಕೋಪ್‌ಗಳು ಕೆಲವು ಇವೆ. ಜೊತೆಗೆ ಎಲ್‌ಇಡಿ ಬೆಳಕಿನ, ಎರಡೂ ಕಣ್ಣಿಟ್ಟು ನೋಡುವ ಹೊಸದು ಒಂದಿದೆ. ಹೊಸದರಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡ್ ಇಟ್ಟು, 40ಎಕ್ಸ್ (40 ಪಟ್ಟು ದೊಡ್ಡದಾಗಿಸುವ) ಲೆನ್ಸ್‌ನಲ್ಲಿ ಫೋಕಸ್ ಮಾಡಿ, ವಿದ್ಯಾರ್ಥಿಗಳನ್ನು ಕರೆಯುವಷ್ಟರಲ್ಲಿ ಚಿತ್ರ ಮಸುಕಾಗಿರುತ್ತದೆ. ಸ್ಲೈಡ್ ಇಡುವ ಸ್ಟೇಜ್ ಕೆಳಗೆ ಜಾರುತ್ತಿದೆ ಅನ್ನಿಸುತ್ತದೆ. ಹಳೆಯ ಎರಡರಲ್ಲಿ ಫೈನ್ ನಾಬ್ (ಫೋಕಸನ್ನು ಸೂಕ್ಷ್ಮವಾಗಿ ಹೊಂದಿಸುವ ನಾಬ್) ಒಂದು ಕಡೆಗೆ ಹೋಗಿ ನಿಂತುಬಿಟ್ಟಿದೆ. ಇನ್ನೊಂದರಲ್ಲಿ ಎಷ್ಟು ತಿರುಗಿಸಿದರೂ ಮಂಜು ಕವಿದ ಹಾಗೇ ಕಾಣುತ್ತದೆ. ಕಳೆದ ವಾರ ಒಬ್ಬ ಹುಡುಗ ಸ್ಲೈಡ್ ಮೇಲೆ ಮುಚ್ಚುವ ತೆಳು ಗಾಜು, ಕವರ್ ಸ್ಲಿಪ್ ಒಡೆದ. ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಬಿಡಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಎರಡೂ ಕಡೆಯ ನಾಬ್ ಹಿಡಿದು ಎದುರುಬದುರು ತಿರುವಿದರೆ ಬಿಗಿಯಾಗುತ್ತೆ ಅಂತ ಅಟೆಂಡರ್ ಹೇಳುತ್ತಾರೆ. ಯಾರ ಮಾತು ಕೇಳಲಿ? ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ಅಲ್ಲಿಯವರೆಗೆ ಇವನ್ನೇ ಬಳಸಬಹುದಾ?

ಉತ್ತರ: ಮೇಡಂ, ಎಣ್ಣೆಯನ್ನು ಮಾತ್ರ ಯಾವುದಕ್ಕೂ ಬಿಡಬೇಡಿ. ಅಟೆಂಡರ್ ಹೇಳಿದ್ದು ಅರ್ಧ ನಿಜ. ನಿಮ್ಮ ಹಳೆಯವಕ್ಕೆ ಅದು ಸರಿ, ಹೊಸದಕ್ಕೆ ಅಪಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಬರೆದಿರುವುದು ಒಂದು ತೊಂದರೆಯಲ್ಲ, ನಾಲ್ಕು. ಲ್ಯಾಬ್‌ಗಳಲ್ಲಿ ನಾಲ್ಕಕ್ಕೂ ಒಂದೇ ಹೆಸರು: ‘ಫೋಕಸ್ ಹೋಗಿದೆ’. ಹಾಗಂತ ನನ್ನ ಹತ್ತಿರ ರಿಪೇರಿಗೆ ಬರುವ ಮೈಕ್ರೋಸ್ಕೋಪ್‌ಗಳಲ್ಲಿ ಬಹಳಷ್ಟರ ಗೇರ್ ಚೆನ್ನಾಗೇ ಇರುತ್ತದೆ. ತಪ್ಪು ಇರುವುದು ಸ್ಲೈಡ್‌ನಲ್ಲಿ, ಲೆನ್ಸ್ ಮೇಲೆ, ಇಲ್ಲವೇ ಬಿಗಿ ಹೊಂದಿಸುವ ರಿಂಗ್‌ನಲ್ಲಿ. ಇದನ್ನು ಬೇರೆಬೇರೆ ಮಾಡಿ ನೋಡದೆ ನಾಬ್‌ಗೆ ಕೈ ಹಾಕಿದಾಗಲೇ ಸರಿ ಇದ್ದ ಗೇರ್ ಹಾಳಾಗುವುದು.

ಮೊದಲು ಅಳತೆಗಳ ಅಂದಾಜು ಇರಲಿ. 10ಎಕ್ಸ್ ಲೆನ್ಸ್‌ನಲ್ಲಿ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು 8-9 ಮೈಕ್ರಾನ್. 40ಎಕ್ಸ್‌ನಲ್ಲಿ ಅದು 1 ಮೈಕ್ರಾನ್‌ಗಿಂತ ತುಸು ಜಾಸ್ತಿ, ಅಷ್ಟೇ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ. ಕೋರ್ಸ್ ನಾಬ್, ಅಂದರೆ ಫೋಕಸನ್ನು ಒರಟಾಗಿ ಹೊಂದಿಸುವ ನಾಬ್, ಒಂದು ಸುತ್ತಿಗೆ ಸ್ಟೇಜನ್ನು ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಎತ್ತುತ್ತದೆ. ಈಗಿನ ಮಾದರಿಗಳಲ್ಲಿ ಫೈನ್ ನಾಬ್ ಒಂದು ಸುತ್ತಿಗೆ ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರ್ ಮಾತ್ರ ಎತ್ತುತ್ತದೆ. ಹಾಗಾಗಿ ಸ್ಟೇಜ್ ಕಣ್ಣಿಗೇ ಕಾಣದಷ್ಟು ಜಾರಿದರೂ 40ಎಕ್ಸ್‌ನಲ್ಲಿ ಚಿತ್ರ ಪೂರ್ತಿ ಹೋಗಿಬಿಡುತ್ತದೆ. ಅದೇ ಜಾರುವಿಕೆ 10ಎಕ್ಸ್‌ನಲ್ಲಿ ಗೊತ್ತೇ ಆಗುವುದಿಲ್ಲ. ನಿಮ್ಮ ಹೊಸ ಮೈಕ್ರೋಸ್ಕೋಪ್ 10ಎಕ್ಸ್‌ನಲ್ಲಿ ಚೆನ್ನಾಗಿದ್ದು 40ಎಕ್ಸ್‌ನಲ್ಲಿ ಮಾತ್ರ ಕಾಟ ಕೊಡುತ್ತಿದ್ದರೆ, 40ಎಕ್ಸ್ ಲೆನ್ಸ್ ಕೆಟ್ಟಿದೆ ಅಂತ ತಕ್ಷಣ ತೀರ್ಮಾನಿಸಬೇಡಿ.

ಇನ್ನು, ನಿಜವಾಗಲೂ ಸ್ಟೇಜ್ ಜಾರುತ್ತಿದೆಯಾ ಅನ್ನುವುದು. ಈರುಳ್ಳಿ ಬೇರಿನ ತುದಿಯನ್ನು ಒತ್ತಿ ಹರಡಿದ ‘ಸ್ಕ್ವ್ಯಾಷ್’ ಹಸಿ ಸ್ಲೈಡ್. ಕವರ್ ಸ್ಲಿಪ್ ಕೆಳಗಿನ ದ್ರವ ನಿಧಾನಕ್ಕೆ ಆರುತ್ತಾ ಹೋಗುತ್ತದೆ, ಕವರ್ ಸ್ಲಿಪ್ ಅಷ್ಟಷ್ಟೇ ಕೆಳಗೆ ಕೂರುತ್ತದೆ, ಜೀವಕೋಶಗಳೂ ಅದರ ಜೊತೆ ಸರಿಯುತ್ತವೆ. ನೋಡುವವರಿಗೆ ಇದು ಥೇಟ್ ಸ್ಟೇಜ್ ಜಾರಿದ ಹಾಗೇ ಕಾಣುತ್ತದೆ. ಆದ್ದರಿಂದ ಹಸಿ ಸ್ಲೈಡ್ ಇಟ್ಟು ಪರೀಕ್ಷೆ ಮಾಡಬೇಡಿ. ಲ್ಯಾಬ್‌ನಲ್ಲಿರುವ ಯಾವುದಾದರೂ ಪರ್ಮನೆಂಟ್ ಸ್ಲೈಡ್ (ಕವರ್ ಸ್ಲಿಪ್ ಅಲುಗದ ಹಾಗೆ ಕಾಯಂ ಅಂಟಿಸಿದ್ದು) ತೆಗೆದುಕೊಳ್ಳಿ. 40ಎಕ್ಸ್‌ನಲ್ಲಿ ಚೂಪಾಗಿ ಫೋಕಸ್ ಮಾಡಿ. ಫೈನ್ ನಾಬ್ ಅಂಚಿನಲ್ಲಿ ಸಣ್ಣ ಗೆರೆಗಳು ಇರುತ್ತವಲ್ಲ, ಯಾವ ಗೆರೆ ಮೇಲೆ ಬಂದಿದೆ ಅಂತ ಬರೆದುಕೊಳ್ಳಿ. ಏನನ್ನೂ ಮುಟ್ಟದೆ ಎರಡು ನಿಮಿಷ ಬಿಡಿ. ಮತ್ತೆ ನೋಡಿ, ಮತ್ತೆ ಫೋಕಸ್ ಮಾಡಿ, ಗೆರೆ ನೋಡಿ. ಮೂರ್ನಾಲ್ಕು ಸಲ ಹೀಗೆ ಮಾಡಿ. ಪ್ರತಿ ಸಲವೂ ಒಂದೇ ದಿಕ್ಕಿಗೆ, ತುಂಬಾ ಗೆರೆಗಳಷ್ಟು ತಿರುಗಿಸಬೇಕಾಗಿ ಬಂದರೆ ಸ್ಟೇಜ್ ಜಾರುತ್ತಿದೆ. ಒಂದು ಸಲ ಆ ಕಡೆ, ಇನ್ನೊಂದು ಸಲ ಈ ಕಡೆ, ಒಂದೆರಡು ಗೆರೆ ಅಂದರೆ ಅದು ನಿಮ್ಮ ಕಣ್ಣಿನ ಹೊಂದಾಣಿಕೆ, ಮೈಕ್ರೋಸ್ಕೋಪ್‌ನ ತಪ್ಪಲ್ಲ.

ಜಾರುತ್ತಿದೆ ಅಂತಲೇ ಇಟ್ಟುಕೊಳ್ಳೋಣ. ಸ್ಟೇಜ್ ಮತ್ತು ಅದರ ಕೆಳಗೆ ಬೆಳಕನ್ನು ಕೂಡಿಸುವ ಕಂಡೆನ್ಸರ್ ಎರಡರ ಭಾರವನ್ನೂ ತಡೆದು ಹಿಡಿಯುವುದು ಕೋರ್ಸ್ ನಾಬ್ ಒಳಗಿನ ಘರ್ಷಣೆ. ಆ ಘರ್ಷಣೆ ಎಷ್ಟಿರಬೇಕು ಅಂತ ಹೊಂದಿಸುವುದಕ್ಕೇ ಒಂದು ರಿಂಗ್ ಕೊಟ್ಟಿರುತ್ತಾರೆ. ಟೆನ್ಷನ್ ರಿಂಗ್ ಅನ್ನುತ್ತಾರೆ. ಒಂದು ಕಡೆಯ ಕೋರ್ಸ್ ನಾಬ್‌ಗೂ ಮೈಕ್ರೋಸ್ಕೋಪ್‌ನ ತೋಳಿಗೂ ನಡುವೆ ತೆಳ್ಳಗೆ ಕೂತಿರುತ್ತದೆ. ಎಷ್ಟೋ ಜನ ಅದನ್ನು ಅಲಂಕಾರದ ಪಟ್ಟಿ ಅಂದುಕೊಂಡಿರುತ್ತಾರೆ. ಕೆಲವು ಮಾದರಿಗಳಲ್ಲಿ ಅದಕ್ಕೆ ಕಚ್ಚು ಇರುತ್ತದೆ, ಬೆರಳಿನಲ್ಲೇ ತಿರುಗುತ್ತದೆ. ಕೆಲವದರಲ್ಲಿ ಸಣ್ಣ ತೂತು ಅಥವಾ ಸೀಳು ಇರುತ್ತದೆ, ಅದಕ್ಕೆ ಪಿನ್ನೋ ಚಪ್ಪಟೆ ಸ್ಕ್ರೂಡ್ರೈವರೋ ಕೊಟ್ಟು ತಿರುಗಿಸಬೇಕು. ಬಿಗಿ ಮಾಡುವ ದಿಕ್ಕಿಗೆ ಬಾಣದ ಗುರುತು ಬಹಳ ಮಾದರಿಗಳಲ್ಲಿ ಇರುತ್ತದೆ.

ಹೀಗೆ ಮಾಡಿ. ಸ್ಲೈಡ್ ತೆಗೆಯಿರಿ. ಅತಿ ಚಿಕ್ಕ ಲೆನ್ಸನ್ನು ಮುಂದಕ್ಕೆ ತನ್ನಿ. ಸ್ಟೇಜನ್ನು ಅರ್ಧ ಎತ್ತರಕ್ಕೆ ತಂದು ರಿಂಗನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿ. ಒಂದು ಸುತ್ತಿನ ಹತ್ತರಲ್ಲೊಂದು ಭಾಗದಷ್ಟು ಸಾಕು. ಆಮೇಲೆ ಮೊದಲಿನ ಎರಡು ನಿಮಿಷದ ಪರೀಕ್ಷೆ ಮತ್ತೆ ಮಾಡಿ. ಜಾರುವುದು ನಿಂತ ಕೂಡಲೇ ನೀವೂ ನಿಲ್ಲಿಸಿ. ಇಲ್ಲೊಂದು ಅಪಾಯ ಇದೆ. ಜಾರಲೇಬಾರದು ಅಂತ ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಆಗ ಕೋರ್ಸ್ ನಾಬ್ ಗಟ್ಟಿಯಾಗುತ್ತದೆ, ಅದರ ಭಾರ ಫೈನ್ ನಾಬ್‌ನ ಸಣ್ಣ ಗೇರ್‌ಗಳ ಮೇಲೂ ಬೀಳುತ್ತದೆ. ಮಕ್ಕಳು ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ಶುರು ಮಾಡುತ್ತಾರೆ. ಜಾರುವ ಸ್ಟೇಜ್ ಐದು ನಿಮಿಷದ ಕೆಲಸ. ಸವೆದ ಗೇರ್‌ಗೆ ಬಿಡಿಭಾಗ ತರಿಸಬೇಕು, ಎಷ್ಟೋ ಮಾದರಿಗಳಿಗೆ ಅದು ಸಿಗುವುದೂ ಇಲ್ಲ.

ಈಗ ನಿಮ್ಮ ಅಟೆಂಡರ್ ಮಾತಿಗೆ ಬರೋಣ. ಅವರು ಸುಮ್ನೆ ಹೇಳಿಲ್ಲ, ಅನುಭವದಿಂದಲೇ ಹೇಳಿದ್ದಾರೆ. ಹರಿಯಾಣದ ಅಂಬಾಲಾದಲ್ಲಿ ತಯಾರಾಗಿ ನಮ್ಮ ಶಾಲೆ-ಕಾಲೇಜುಗಳಿಗೆ ಬಂದ ಕನ್ನಡಿ ಮೈಕ್ರೋಸ್ಕೋಪ್‌ಗಳಲ್ಲಿ ಬಹುಪಾಲು ಕೋರ್ಸ್ ನಾಬ್‌ಗಳು ಒಂದು ಜಾಗದಲ್ಲಿ, ಫೈನ್ ನಾಬ್ ಬೇರೆಯೇ ಜಾಗದಲ್ಲಿ ಇರುತ್ತವೆ. ಕೋರ್ಸ್‌ಗೆ ಹಲ್ಲಿನ ಪಟ್ಟಿ, ಅದಕ್ಕೆ ಕಚ್ಚಿಕೊಳ್ಳುವ ಒಂದು ಚಕ್ರ, ಆ ಚಕ್ರದ ಸರಳಿನ ಎರಡು ತುದಿಗೆ ಎರಡು ನಾಬ್. ಅಷ್ಟೇ ರಚನೆ. ಒಂದು ನಾಬನ್ನು ಅಲುಗದ ಹಾಗೆ ಹಿಡಿದು ಇನ್ನೊಂದನ್ನು ತುಸು ತಿರುವಿದರೆ ಸರಳಿನ ಮೇಲಿನ ಹಿಡಿತ ಬಿಗಿಯಾಗುತ್ತದೆ, ಎದುರು ದಿಕ್ಕಿಗೆ ತಿರುವಿದರೆ ಸಡಿಲವಾಗುತ್ತದೆ. ಇವುಗಳಲ್ಲಿ ಇದೇ ಸರಿಯಾದ ವಿಧಾನ.

ಹೊಸದರಲ್ಲಿ ದೊಡ್ಡ ನಾಬ್ ಮೇಲೆಯೇ ಸಣ್ಣ ನಾಬ್ ಕೂತಿರುತ್ತದೆ, ಎರಡಕ್ಕೂ ಒಂದೇ ಅಕ್ಷ. ಸಣ್ಣ ನಾಬ್‌ನ ಚಲನೆಯನ್ನು ಇಳಿಸಿ ದೊಡ್ಡದಕ್ಕೆ ತಲುಪಿಸುವ ಗೇರ್‌ಗಳು ಒಳಗೇ ಇರುತ್ತವೆ. ಎಡ-ಬಲದ ನಾಬ್‌ಗಳನ್ನು ಎದುರುಬದುರು ತಿರುವಿದರೆ ಆ ಒತ್ತಡ ನೇರವಾಗಿ ಒಳಗೆ ಹೋಗುತ್ತದೆ. ಹಾಗೆ ತಿರುವಬೇಡಿ ಅಂತ ಇಂಥ ಮಾದರಿಗಳ ಕೈಪಿಡಿಯಲ್ಲೇ ಬರೆದಿರುತ್ತಾರೆ. ಕೈಪಿಡಿ ಕಳೆದುಹೋಗಿದೆಯಾ? ಹಾಗಾದರೆ ಇಷ್ಟು ನೋಡಿ: ದೊಡ್ಡದರ ಮೇಲೆ ಸಣ್ಣದು ಕೂತಿದ್ದು, ಟೆನ್ಷನ್ ರಿಂಗ್ ಬೇರೆಯೇ ಇದ್ದರೆ ಎದುರುಬದುರು ತಿರುವಲೇಬೇಡಿ. ಅಟೆಂಡರ್‌ಗೂ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಮೈಕ್ರೋಸ್ಕೋಪ್‌ಗಳನ್ನು ದಿನಾ ಎತ್ತಿಡುವವರು ಅವರೇ ಅಲ್ವಾ, ಅವರಿಗೆ ಗೊತ್ತಿದ್ದರೆ ನಿಮ್ಮ ಕೆಲಸ ಅರ್ಧ ಕಮ್ಮಿ.

ಎಣ್ಣೆಯ ವಿಷಯ. ನಾಬ್ ಗಟ್ಟಿಯಾದರೆ ಹೊಲಿಗೆ ಮೆಷಿನ್ ಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಏನೇನೋ ಹಾಕಿದ್ದನ್ನು ನೋಡಿದ್ದೇನೆ. ಫೋಕಸ್ ಭಾಗಗಳಿಗೆ ಹಾಕುವುದು ಬೇರೆ ಥರದ ಗ್ರೀಸ್. ಅದು ಮಂದ, ಜಿಗುಟು. ಚಲನೆ ನಯವಾಗಿರಬೇಕು, ಬಿಟ್ಟ ಜಾಗದಲ್ಲೇ ನಿಲ್ಲಲೂ ಬೇಕು, ಎರಡಕ್ಕೂ ಅದೇ ಆಧಾರ. ತೆಳು ಎಣ್ಣೆ ಒಳಗೆ ಹೋದರೆ ಆ ಗ್ರೀಸನ್ನು ಕರಗಿಸಿ ಹೊರಗೆ ತರುತ್ತದೆ. ಮೊದಲ ದಿನ ನಾಬ್ ಬೆಣ್ಣೆಯ ಹಾಗೆ ತಿರುಗುತ್ತದೆ, ಹಾಕಿದವರಿಗೆ ಖುಷಿ. ಆಮೇಲೆ ಸ್ಟೇಜ್ ಜಾರಲು ಶುರು. ಜಾರುವ ಸ್ಟೇಜಿಗೇ ಎಣ್ಣೆ ಹಾಕಿದರಂತೂ ಕೇಳುವುದೇ ಬೇಡ, ಉಳಿದಿದ್ದ ಘರ್ಷಣೆಯೂ ಹೋಯಿತು. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ನಿಮ್ಮ ಕಡೆಯ ಮಳೆಗಾಲದ ತೇವದಲ್ಲಿ ಅದಕ್ಕೆ ಧೂಳೂ ಕೂಡಿಕೊಳ್ಳುತ್ತದೆ. ನಾಬ್ ನಿಜವಾಗಲೂ ಗಟ್ಟಿಯಾಗಿದ್ದರೆ ಕಾರಣ ಹಳೆಯ ಗ್ರೀಸ್ ಒಣಗಿ ಗಟ್ಟಿಯಾದದ್ದು. ಅದನ್ನು ಬಿಚ್ಚಿ, ತೊಳೆದು, ಹೊಸದು ಹಾಕಬೇಕು. ಮೇಲಿಂದ ಹನಿ ಬಿಟ್ಟರೆ ಆಗುವ ಕೆಲಸವಲ್ಲ.

ಹಳೆಯ ಎರಡರಲ್ಲಿ ಫೈನ್ ನಾಬ್ ಒಂದು ಕಡೆಗೆ ಹೋಗಿ ನಿಂತಿದೆ ಅಂದಿರಿ. ಇದು ಬಹುಶಃ ಕೆಟ್ಟಿರುವುದಲ್ಲ, ದಾರಿ ಮುಗಿದಿರುವುದು. ಬೇರೆ ಕೂತಿರುವ ಫೈನ್ ನಾಬ್‌ಗೆ ಓಡಾಡುವ ಜಾಗವೇ ಕೆಲವೇ ಮಿಲಿಮೀಟರ್. ಮಕ್ಕಳು ಒಂದೇ ದಿಕ್ಕಿಗೆ ತಿರುಗಿಸುತ್ತಾ ತಿರುಗಿಸುತ್ತಾ ಕೊನೆ ಮುಟ್ಟಿಸುತ್ತಾರೆ. ಮುಂದಿನ ಬ್ಯಾಚ್‌ನವರಿಗೆ ಅದು ಅಲುಗುವುದಿಲ್ಲ. ತೋಳಿನ ಪಕ್ಕ ಒರೆಸಿ ನೋಡಿ. ಎರಡು ಗೆರೆ, ಅವುಗಳ ಮಧ್ಯೆ ಓಡಾಡುವ ಒಂದು ಗೆರೆ ಅನೇಕ ಮಾದರಿಗಳಲ್ಲಿ ಇರುತ್ತದೆ. ಮಧ್ಯದ ಗೆರೆ ಎರಡರ ನಡುವೆ ಬರುವವರೆಗೆ ನಾಬನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ. ಗೆರೆ ಇಲ್ಲದಿದ್ದರೆ ಈ ತುದಿಯಿಂದ ಆ ತುದಿಗೆ ಎಷ್ಟು ಸುತ್ತು ಅಂತ ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿ. ಆಮೇಲೆ 10ಎಕ್ಸ್‌ನಲ್ಲಿ ಕೋರ್ಸ್ ನಾಬ್‌ನಿಂದಲೇ ಫೋಕಸ್ ಮಾಡಿ, 40ಎಕ್ಸ್‌ಗೆ ಹೋಗಿ, ಅಲ್ಲಿ ಮಾತ್ರ ಫೈನ್ ಬಳಸಿ. ಹಿಂದಕ್ಕೂ ಬರುತ್ತಿಲ್ಲ, ಎರಡು ಬೆರಳಿನ ಬಲಕ್ಕೆ ಅಲುಗುತ್ತಿಲ್ಲ ಅಂದರೆ ಬಿಟ್ಟುಬಿಡಿ. ಯಾರೋ ಬಲವಾಗಿ ತಿರುವಿ ಒಳಗಿನ ತಿರುಪು ಸಿಕ್ಕಿಕೊಂಡಿದೆ. ಇಕ್ಕಳ ಹಾಕಿದರೆ ಸರಳು ಬಾಗುತ್ತದೆ.

ಎಷ್ಟು ತಿರುಗಿಸಿದರೂ ಮಂಜು ಅನ್ನುವುದನ್ನು ನಾನು ಮೊದಲು ಸ್ಲೈಡ್‌ನಿಂದ ಶುರು ಮಾಡಿ ನೋಡುತ್ತೇನೆ. ಸ್ಲೈಡ್ ತಲೆಕೆಳಗಾಗಿ ಇದೆಯಾ? ನಗಬೇಡಿ, ಕಾಲೇಜುಗಳಲ್ಲಿ ಇದೇ ಜಾಸ್ತಿ. ಗಾಜಿನ ಸ್ಲೈಡ್ 1 ಮಿಲಿಮೀಟರ್‌ಗಿಂತ ದಪ್ಪ. ಸಾಮಾನ್ಯ 40ಎಕ್ಸ್ ಲೆನ್ಸ್ ಫೋಕಸ್ ಆದಾಗ ಅದರ ತುದಿಗೂ ಕವರ್ ಸ್ಲಿಪ್‌ಗೂ ನಡುವೆ ಉಳಿಯುವ ಜಾಗ ಸುಮಾರು ಅರ್ಧ ಮಿಲಿಮೀಟರ್. ಕವರ್ ಸ್ಲಿಪ್ ಕೆಳಗಾದರೆ ಲೆನ್ಸ್ ಜೀವಕೋಶದ ಹತ್ತಿರಕ್ಕೇ ಹೋಗಲಾರದು. 10ಎಕ್ಸ್‌ಗೆ ಜಾಗ ಧಾರಾಳ, ಅದರಲ್ಲಿ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಎರಡು ಕವರ್ ಸ್ಲಿಪ್ ಅಂಟಿಕೊಂಡಿದ್ದರೂ ಹೀಗೇ ಆಗುತ್ತದೆ.

ಸ್ಲೈಡ್ ಸರಿ ಇದ್ದರೆ ಲೆನ್ಸ್ ಮುಖ ನೋಡಿ. ಇದಕ್ಕೆ ಬೇರೆ ಭೂತಗನ್ನಡಿ ಬೇಡ. ಐಪೀಸ್ ಒಂದನ್ನು ಹೊರಗೆ ತೆಗೆದು ತಲೆಕೆಳಗು ಹಿಡಿಯಿರಿ. ದಿನಾ ಕಣ್ಣಿಡುವ ಕಡೆಯನ್ನು 40ಎಕ್ಸ್ ಲೆನ್ಸ್‌ನ ತುದಿಯ ಹತ್ತಿರ ತಂದು, ಇನ್ನೊಂದು ಕಡೆಯಿಂದ ನೋಡಿ. ಲೆನ್ಸ್ ಮುಖ ದೊಡ್ಡದಾಗಿ ಕಾಣುತ್ತದೆ. ಸ್ಲೈಡ್‌ಗೆ ಹಾಕುವ ಬಣ್ಣ ಅಸಿಟೋಕಾರ್ಮಿನ್ ಒಣಗಿದ ಕೆಂಪು ಕಲೆಯೋ, ಎಣ್ಣೆಯ ಪೊರೆಯೋ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. 100ಎಕ್ಸ್ ಲೆನ್ಸ್‌ಗಾಗಿ ಸ್ಲೈಡ್ ಮೇಲೆ ಹಾಕುವ ಇಮರ್ಷನ್ ಎಣ್ಣೆ ಹಾಕಿ ನೋಡಿದ ಮೇಲೆ, ಅದೇ ಸ್ಲೈಡ್ ಮೇಲೆ 40ಎಕ್ಸ್ ತಿರುಗಿಸಿದರೆ ಆ ಎಣ್ಣೆ ಇದಕ್ಕೆ ಮೆತ್ತಿಕೊಳ್ಳುವುದು ಗ್ಯಾರಂಟಿ. ಒರೆಸಲು ಲೆನ್ಸ್ ಪೇಪರ್ ಮಾತ್ರ. ಸೆರಗು, ಕರವಸ್ತ್ರ, ಟಿಶ್ಯೂ ಬೇಡ. ನೀರಿನ ಕಲೆಗೆ ಡಿಸ್ಟಿಲ್ಡ್ ವಾಟರ್‌ನ ಪಸೆ ಸಾಕು. ಎಣ್ಣೆಗಾದರೆ ಲೆನ್ಸ್ ಪೇಪರ್‌ಗೆ ಒಂದು ಹನಿ ಆಲ್ಕೋಹಾಲ್ ಮುಟ್ಟಿಸಿ, ಒತ್ತದೆ ಒರೆಸಿ. ಲೆನ್ಸನ್ನು ದ್ರವದಲ್ಲಿ ಅದ್ದಬೇಡಿ, ಒಳಗಿನ ಅಂಟು ಬಿಡುತ್ತದೆ. ಮುಖ ಶುಭ್ರವಾಗಿದ್ದೂ ಮಂಜು ಹೋಗದಿದ್ದರೆ ಒಳಗೆ ಫಂಗಸ್ ಇರಬಹುದು. ಮಲೆನಾಡಿನಲ್ಲಿ ಅದು ಅಪರೂಪವಲ್ಲ. ಫೋಕಸ್ ನಾಬ್‌ಗೂ ಅದಕ್ಕೂ ಸಂಬಂಧವಿಲ್ಲ, ಲೆನ್ಸನ್ನೇ ಬಿಚ್ಚಿ ತೋರಿಸಬೇಕು.

ಹೊಸದರಲ್ಲಿ ಒಂದು ಕಣ್ಣಿಗೆ ಸ್ಪಷ್ಟ, ಇನ್ನೊಂದಕ್ಕೆ ಮಸುಕು ಅಂತ ಮಕ್ಕಳು ಹೇಳಿದರೆ ಅದು ಐಪೀಸ್ ಹೊಂದಾಣಿಕೆ. ತಿರುಗುವ ರಿಂಗ್ ಇಲ್ಲದ ಕಡೆಯ ಐಪೀಸ್‌ನಿಂದ ಮೊದಲು ಫೋಕಸ್ ಮಾಡಬೇಕು. ಆಮೇಲೆ ಫೋಕಸ್ ನಾಬ್ ಮುಟ್ಟದೆ, ಇನ್ನೊಂದು ಐಪೀಸ್‌ನ ರಿಂಗ್ ತಿರುಗಿಸಿ ಆ ಕಣ್ಣಿಗೆ ಸರಿ ಮಾಡಿಕೊಳ್ಳಬೇಕು.

ಇನ್ನು ಕವರ್ ಸ್ಲಿಪ್ ಒಡೆದದ್ದು. ಆ ಹುಡುಗನನ್ನು ಬೈಯುವ ಮುಂಚೆ ಎರಡು ವಿಷಯ ನೋಡಿ. ಹೊಸ ಮಾದರಿಗಳಲ್ಲಿ ಸ್ಟೇಜ್ ಎಷ್ಟು ಮೇಲೆ ಹೋಗಬಹುದು ಅನ್ನುವುದಕ್ಕೆ ಒಂದು ತಡೆ ಇರುತ್ತದೆ. ಕೆಲವದರಲ್ಲಿ ಸ್ಟೇಜ್ ಹಿಂಭಾಗದ ಕೆಳಗೆ ತಿರುಪು, ಕೆಲವದರಲ್ಲಿ ನಾಬ್ ಹತ್ತಿರ ಸಣ್ಣ ಲಿವರ್. ಪರ್ಮನೆಂಟ್ ಸ್ಲೈಡನ್ನು 40ಎಕ್ಸ್‌ನಲ್ಲಿ ಫೋಕಸ್ ಮಾಡಿ, ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ಈ ತಡೆಯನ್ನು ಕೂರಿಸಿದರೆ ಲೆನ್ಸ್ ಸ್ಲೈಡ್‌ಗೆ ಬಡಿಯುವುದು ಬಹುಮಟ್ಟಿಗೆ ತಪ್ಪುತ್ತದೆ. ತೀರಾ ಕೆಳಗೆ ಕೂರಿಸಿದರೆ ಮಾತ್ರ 40ಎಕ್ಸ್ ಫೋಕಸ್‌ಗೇ ಬರುವುದಿಲ್ಲ. ‘ನಾಬ್ ಮುಂದಕ್ಕೆ ಹೋಗ್ತಿಲ್ಲ, ಕೆಟ್ಟಿದೆ’ ಅಂತ ಬರುವ ದೂರುಗಳಲ್ಲಿ ಎಷ್ಟೋ ಇದೇ.

ಎರಡನೆಯದು ಲೆನ್ಸ್ ಅದಲು ಬದಲು. ಒಂದರ 40ಎಕ್ಸ್ ಕೆಟ್ಟಾಗ ಇನ್ನೊಂದರದ್ದು ಬಿಚ್ಚಿ ಹಾಕುವುದು ಲ್ಯಾಬ್‌ಗಳಲ್ಲಿ ಮಾಮೂಲು. ತಿರುಪು ಕೂರುತ್ತದೆ, ಆದರೆ ಉದ್ದ ಹೊಂದಬೇಕಲ್ಲ. ಒಂದು ಮೈಕ್ರೋಸ್ಕೋಪ್‌ನ ಎಲ್ಲ ಲೆನ್ಸ್‌ಗಳೂ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ಫೋಕಸ್ ಆಗುವ ಹಾಗೆ ಮಾಡಿರುತ್ತಾರೆ. 10ಎಕ್ಸ್‌ನಿಂದ 40ಎಕ್ಸ್‌ಗೆ ತಿರುಗಿಸಿದಾಗ ಫೈನ್‌ನ ಸ್ವಲ್ಪ ತಿರುವಿನಲ್ಲೇ ಚಿತ್ರ ಸಿಗುವುದು ಅದಕ್ಕೇ. ಬೇರೆ ಉದ್ದದ ಲೆನ್ಸ್ ಕೂತಿದ್ದರೆ ಅದು ತಿರುಗಿ ಬರುವಾಗಲೇ ಸ್ಲೈಡ್‌ಗೆ ತಾಗಬಹುದು. ಲೆನ್ಸ್ ಮೈಮೇಲೆ ಕೆತ್ತಿರುವುದನ್ನು ಓದಿ. ಹಳೆಯವುಗಳಲ್ಲಿ 160/0.17 ಅಂತ ಇರುತ್ತದೆ. ಈಗಿನ ಹಲವದರಲ್ಲಿ 160ರ ಜಾಗದಲ್ಲಿ ಅಡ್ಡ ಮಲಗಿಸಿದ 8ರಂಥ ಗುರುತು ಇರುತ್ತದೆ. ಇವೆರಡನ್ನು ಬೆರೆಸುವ ಹಾಗಿಲ್ಲ. 0.17 ಅನ್ನುವುದು ಕವರ್ ಸ್ಲಿಪ್ ದಪ್ಪ, ಮಿಲಿಮೀಟರ್‌ನಲ್ಲಿ. ಅಂದರೆ ಕವರ್ ಸ್ಲಿಪ್ ಇಲ್ಲದೆ ನೋಡಿದರೂ 40ಎಕ್ಸ್ ತನ್ನ ಪೂರ್ತಿ ಸ್ಪಷ್ಟತೆ ಕೊಡುವುದಿಲ್ಲ.

ಇವೆರಡೂ ಸರಿ ಇದ್ದರೆ, ಬೇರಿನ ತುದಿ ಸರಿಯಾಗಿ ಒತ್ತದೆ ದಪ್ಪಗೆ ಉಳಿದಿತ್ತು, ಅಥವಾ 40ಎಕ್ಸ್ ಕೆಳಗೆ ಕೋರ್ಸ್ ನಾಬ್ ತಿರುಗಿತು. ಒಡೆದ ಮೇಲೆ ಲೆನ್ಸ್‌ಗೆ ಗೀರು ಬಿದ್ದಿದೆಯಾ ಅಂತ ಅದೇ ಐಪೀಸ್ ವಿಧಾನದಲ್ಲಿ ನೋಡಿ. ಅನೇಕ 40ಎಕ್ಸ್ ಲೆನ್ಸ್‌ಗಳ ತುದಿ ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ತಾಗಿದರೆ ಒಳಗೆ ಸರಿಯುತ್ತದೆ. ಲೋಹದ ಅಂಚನ್ನು ಮೆಲ್ಲಗೆ ಒತ್ತಿ ನೋಡಿ. ಒಳಗೆ ಹೋಗಿ ವಾಪಸ್ ಬಂದರೆ ಸರಿ. ಒಳಗೇ ಸಿಕ್ಕಿಕೊಂಡಿದ್ದರೆ ಫೋಕಸ್ ಎತ್ತರವೇ ಬದಲಾಗಿರುತ್ತದೆ.

ಇಷ್ಟೂ ನೀವೇ ಮಾಡಬಹುದಾದದ್ದು. ಟೆನ್ಷನ್ ರಿಂಗ್ ಬಿಗಿ ಮಾಡಿದರೂ ಜಾರುವುದು, ನಾಬ್ ತಿರುಗಿಸುವಾಗ ಕಟಕಟ ಸದ್ದು, ಫೈನ್ ಒಂದು ಪೂರ್ತಿ ಸುತ್ತು ಹೋದರೂ 40ಎಕ್ಸ್‌ನಲ್ಲಿ ಚಿತ್ರ ಒಂದಿಷ್ಟೂ ಬದಲಾಗದಿರುವುದು, ಇವು ಮೂರೂ ರಿಪೇರಿಯವರ ಕೆಲಸ. ಹೊಸದರ ಫೋಕಸ್ ಪೆಟ್ಟಿಗೆಯನ್ನು ಕಾಲೇಜಿನಲ್ಲಿ ಬಿಚ್ಚಬೇಡಿ. ಬಹಳ ಮಾದರಿಗಳಲ್ಲಿ ಒಳಗೆ ಸಾಸಿವೆ ಗಾತ್ರದ ಬೇರಿಂಗ್ ಗುಂಡುಗಳಿರುತ್ತವೆ, ಬಿಚ್ಚಿದ ಕೂಡಲೇ ಉದುರುತ್ತವೆ. ರಿಪೇರಿಗೆ ಕಳಿಸುವಾಗ ಬರೀ ‘ಫೋಕಸ್ ಸರಿಯಿಲ್ಲ’ ಅಂತ ಬರೆಯಬೇಡಿ. ಯಾವ ಲೆನ್ಸ್‌ನಲ್ಲಿ, ಪರ್ಮನೆಂಟ್ ಸ್ಲೈಡ್‌ನಲ್ಲೂ ಹೀಗೇ ಆಗುತ್ತಾ, ಎರಡು ನಿಮಿಷಕ್ಕೆ ಎಷ್ಟು ಗೆರೆ ಜಾರಿತು, ಇಷ್ಟು ಬರೆದು ಅಂಟಿಸಿ. ಮೊದಲು ಯಾರಾದರೂ ಎಣ್ಣೆ ಬಿಟ್ಟಿದ್ದರೆ ಅದನ್ನೂ ಬರೆಯಿರಿ. ಹಾಗಿದ್ದರೆ ಪೂರ್ತಿ ತೊಳೆಯಬೇಕಾಗುತ್ತದೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಪರೀಕ್ಷೆಯವರೆಗೆ ಬಳಸಬಹುದಾ ಅಂತ ಕೇಳಿದ್ದೀರಿ. ಬಳಸಬಹುದು, ಕೆಲಸ ಹಂಚಿ ಕೊಡಿ. ಜಾರುವ ಮೈಕ್ರೋಸ್ಕೋಪ್ ರಿಂಗ್ ತಿರುಗಿಸಿದ ಮೇಲೂ ಜಾರಿದರೆ ಅದರಲ್ಲಿ ಕಾಂಡದ ಅಡ್ಡ ಸೀಳಿಕೆ, ಎಲೆಯ ಸಿಪ್ಪೆ ಇಂಥವನ್ನು 10ಎಕ್ಸ್‌ನಲ್ಲಿ ಇಡಿ. ಅಲ್ಲಿ ನಾಲ್ಕೈದು ಮೈಕ್ರಾನ್ ಹೆಚ್ಚುಕಮ್ಮಿ ಆದರೆ ಯಾರಿಗೂ ತಿಳಿಯುವುದಿಲ್ಲ. ಮೈಟಾಸಿಸ್ (ಕೋಶ ವಿಭಜನೆ) ಹಂತಗಳನ್ನು ಗುರುತಿಸುವ ಸ್ಲೈಡ್‌ಗಳಿಗೆ, ಫೈನ್ ನಾಬ್ ಮಧ್ಯಕ್ಕೆ ತಂದ ಹಳೆಯವುಗಳಲ್ಲಿ ಯಾವುದು ಗಟ್ಟಿಯಾಗಿ ನಿಲ್ಲುತ್ತದೋ ಅದನ್ನು ಇಡಿ. ಪರೀಕ್ಷೆಯಲ್ಲಿ ಹಸಿ ಸ್ಲೈಡ್ ಬದಲು ಪರ್ಮನೆಂಟ್ ಸ್ಲೈಡ್ ಇದ್ದರೆ ಮೇಲು. ಮತ್ತೆ, ನೀವು ಫೋಕಸ್ ಮಾಡಿಟ್ಟು ‘ನಾಬ್ ಮುಟ್ಟಬೇಡಿ’ ಅಂತ ಚೀಟಿ ಅಂಟಿಸಬೇಡಿ. ನಿಮ್ಮ ಕಣ್ಣಿಗೆ ಸರಿಯಾದದ್ದು ಕನ್ನಡಕ ತೆಗೆದು ನೋಡುವ ಹುಡುಗಿಗೆ ಸರಿ ಇರುವುದಿಲ್ಲ. ಫೈನ್ ನಾಬನ್ನು ಎರಡು ಬೆರಳಲ್ಲಿ ಅರ್ಧ ಸುತ್ತಿನವರೆಗೆ ಆ ಕಡೆ ಈ ಕಡೆ ತಿರುಗಿಸಲು ಎಲ್ಲರಿಗೂ ಬಿಡಿ, ಕೋರ್ಸ್ ಮಾತ್ರ ಮುಟ್ಟಬಾರದು ಅಂತ ಹೇಳಿ.